ಹನ್ನೊಂದೂವರೆ ಕಿಲೊ

ಗುಜರಿಯವ ತೂಕದ ಲೆಕ್ಕಕ್ಕ ಕೊಟ್ಟ ಗಾಡಿ.
ತೋರಣಗಲ್ಲಿನಿಂದ ಹಗ್ಗ ಕಟ್ಟಿ ಎಳಕೊಂಡು ಬಂದು
ಬಂಡಿಹಟ್ಟಿಯ ನಮ್ಮ ಅಂಗಳದಾಗ ನಿಲ್ಲಿಸಿದ ದಿನ
ನಾ ಕೇಳಿದ್ದು ಒಂದೇ ಮಾತು:
ಇನ್ನ ಅರಿವಿ ಎಲ್ಲಿ ಒಣಹಾಕಲಿ?

ತಮ್ಮ ಗಾದಿಲಿಂಗ ಏನೂ ಅನ್ನಲಿಲ್ಲ.
ಬಾನೆಟ್ ಎತ್ತಿ, ಕೋಲು ಕೊಟ್ಟು ನಿಲ್ಲಿಸಿ
ಅದರ ಮ್ಯಾಲೆ ತನ್ನ ಅಂಗಿ ಹರವಿದ.

ಎಂಟು ತಿಂಗಳು. ಭಾನುವಾರಕ್ಕೊಂದು ಭಾಗ ಬಿಚ್ಚಿದ.
ರೊಟ್ಟಿ ತಾಟಿನಾಗ ನಟ್ಟು,
ಉಪ್ಪಿನಕಾಯಿ ಜಾಡಿ ತುಂಬ ಡೀಸೆಲ್ಲು, ಅದರಾಗ ಬೇರಿಂಗು.
ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ ದಿನಾ ಇಳೀತಿತ್ತು;
ನಾ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬಾಗಿಲ ಒಳತಗಡು ತೆಗೆದಾಗ
ಸುರೀತು ನೋಡ್ರಿ, ಕೆಂಪು.
ಕುಂಕುಮದ್ದಲ್ಲ, ಇಟ್ಟಂಗಿದಲ್ಲ,
ಅಂಗೈಯಾಗ ಹಿಡಿದ್ರ ಭಾರ,
ಸಂಡೂರ ಗುಡ್ಡದ ಕೆಂಪು.
ಚಾಸಿ ಸಂದಿನಾಗ, ಸೀಟಿನ ಸ್ಪಂಜಿನಾಗ,
ಹಾರ್ನಿನ ಗಂಟಲಾಗ ಸೈತ.
ಪೇಂಟ್ ಬ್ರಶ್ಶಿನಿಂದ ಒಂದು ಹರಳೂ ಬಿಡದಂಗ ಗುಡಿಸಿ
ಚೀಲಕ್ಕ ತುಂಬಿ, ಕಿರಾಣಿ ಅಂಗಡಿಗೆ ಹೊತ್ತು
ತಕ್ಕಡಿಗೆ ಹಾಕಿಸಿಕೊಂಡು ಬಂದ.
ಹನ್ನೊಂದೂವರೆ ಕಿಲೊ.

"ಅಕ್ಕಾ, ಆಗ ಇದನ್ನ ರಸ್ತಾದಿಂದ ಗುಡಿಸಿ ಮಾರಿದವರದಾರ" ಅಂದ.
ಆಗ ಅಂದ್ರ ಅವಗ ಹತ್ತೊಂಬತ್ತು,
ರಾತ್ರಿ ಪಾಳಿ ಟಿಪ್ಪರಿನವರಿಗೆ ಊಟದ ಡಬ್ಬಿ ಒಯ್ಯೋ
ಪಿಕಪ್ಪಿನ ಕ್ಲೀನರ್.
ಸೀನಿದ್ರ ಕೆಂಪು, ಉಗುಳಿದ್ರ ಕೆಂಪು,
ನಾ ಒಗೆದು ಹಿಂಡಿದ ಅಂಗಿಯ ನೀರು ಕೆಂಪು.
ಒಂದಿನ ಗಣಿ ನಿಂತವು. ಆ ಗಾಡಿ ಎಲ್ಲಿಗೆ ಹೋತೋ.
ಇದು ಅದೇನಾ, ಕೇಳಿದೆ.
"ಅದರ ನಂಬರ್ ಮರ್ತೀನಿ" ಅಂದ.
ಸುಳ್ಳು. ಇವ ತಾ ಹುಟ್ಟಿದ ತಾರೀಖು ಮರಿತಾನ,
ಗಾಡಿ ನಂಬರ್ ಮರಿಯವನಲ್ಲ.

ಆಮ್ಯಾಲೆ ಹೊಸದು ಬರಾಕ ಹತ್ತಿತು.
ಪವರ್ ಸ್ಟೇರಿಂಗು, ಅನಂತಪುರದ ಕಡೆ ಪಲ್ಟಿ ಹೊಡೆದ ಯಾವುದೋ ಗಾಡಿದು.
ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು. ಎಲ್‌ಇಡಿ ಕಣ್ಣು.
ವೆಲ್ಡಿಂಗಿಗೆ ಬಂದ ಮೌಲಾಲಿ ಕೂಲಿ ಬ್ಯಾಡ ಅಂದ,
ಮಗಳ ಬ್ಯಾಗಿಗೆ ಜಿಪ್ ಹಚ್ಚಿಕೊಡು, ಸಾಕು.

ಸೀಟು ನನ್ನ ಪಾಲು.
ಆರ್ಡರಿನಾಗ ತಿರುಗಿ ಬಂದ ಡೆನಿಮ್ಮು,
ಹದಿನೆಂಟರ ಸೂಜಿ, ಹಳದಿ ದಾರ, ಜೋಡಿ ಹೊಲಿಗೆ,
ಸೀಟಿನ ಬೆನ್ನಿಗೆ ಎರಡು ಹಿಂಗಿಸೆ:
ಒಂದರಾಗ ಅವನ ಬೀಡಿ, ಒಂದರಾಗ ನನ್ನ ಕತ್ರಿ.
ಇಪ್ಪತ್ತು ವರ್ಷ ಯಾರ್ಯಾರ ಕುಂಡಿಗೋ ಜೀನ್ಸ್ ಹೊಲಿದೀನಿ.
ನಾ ಹೊಲಿದಿದ್ದರ ಮ್ಯಾಲೆ ನಾನೇ ಕುಂತಿದ್ದು
ಇದೇ ಮೊದಲು.

ಕಡೀಗೆ ಟೈರು. ಅಗಲನ್ನವು ಬೇಕಂತ.
ಚಾವಿ ತಿರುವಿದ. ಕೆಮ್ಮಿತು. ಕೆಮ್ಮಿತು.
ಓಣಿ ನಾಯಿ ಎದ್ದು ಕುಂತವು.
ಹತ್ತಿತು!
ಗೇಟಿನಾಚೆ ನಾ ತೆಂಗಿನಕಾಯಿ ಹಿಡಕೊಂಡು ನಿಂತೀನಿ,
ಗಾಡಿ ಗೇಟಿಗೆ ಬಂತು,
ನಿಂತಿತು.

ಒಳಗ ಬರುವಾಗ ಮೈ ಹಿಡಿಯಾಗಿ ಬಂದಿದ್ದು
ಹೊರಗ ಹೋಗುವಾಗ ನಾಕು ಬೆರಳು ಹೆಚ್ಚು.
ಎಂಟು ತಿಂಗಳು ಎಲ್ಲಾ ಅಳೆದಾನ,
ವಾಲ್ವಿನ ಸಂದು, ಪಿಸ್ಟನ್ನಿನ ಸವಕಳಿ,
ಕೂದಲೆಳೆ ಸೀಳಿದಂಗ ಅಳೆದಾನ.
ಗೇಟು ಅಳೆದಿಲ್ಲ.

ಮೌಲಾಲಿ ನಕ್ಕ. ನಾ ನಕ್ಕೆ, ಕಾಯಿ ಕೈಜಾರಿ ಒಡೀತು.
ಗಾದಿಲಿಂಗ ನಗದ ಸುತ್ತಿಗೆ ತಂದ.
ಎಡಗಂಬ ಏಳು ಏಟಿಗೆ ಬಿತ್ತು.
ಗಾಡಿ ಓಣಿಗಿಳಿದು ಹಾರ್ನ್ ಹೊಡೀತು:
ಎಷ್ಟು ಗುಡಿಸಿದ್ರೂ ಗಂಟಲಾಗ ಏನೋ ಉಳಿದಿತ್ತು,
ಕರಕರ ಅಂತು.

ಮರುದಿನ ಕಂಬ ಎಬ್ಬಿಸುವಾಗ
ಸಿಮೆಂಟ್ ಕಲಸೋ ಹುಡುಗ ಕೇಳಿದ,
ಈ ಚೀಲದಾಗೇನೈತಿ ಅಕ್ಕಾ?
ಗಾದಿಲಿಂಗನ ಮುಖ ನೋಡಿದೆ.
ಅವ ಬೇರೆ ಕಡೆ ನೋಡಿದ.
ಹಾಕು, ಅಂದೆ.

ಈಗ ಎಡಗಂಬ ಬಲಗಂಬಕ್ಕಿಂತ ಆಚೆ,
ಬಲಗಂಬಕ್ಕಿಂತ ಒಂಚೂರು ಕೆಂಪು.
ಎರಡರ ನಡುವೆ ಹಗ್ಗ ಬಿಗಿದು
ಅರಿವಿ ಒಣಹಾಕ್ತೀನಿ.
ಸಂಜಿಗೆ ಆ ಕರಕರ ಕೇಳಿದ ಕೂಡಲೇ
ಓಡಿ ಹೋಗಿ ಬಿಚ್ಚತೀನಿ.